ಅಜೀಮನಿಗಿದ್ದ ಒಬ್ಬರೇ ಗುರುತಿನವರು

ನನ್ನ ಬಾಯಿ ಜೋರು. ಬ್ಯಾಡಗಿಯ ಸ್ಟೇಷನ್ ರಸ್ತೆಯಲ್ಲಿ ಯಾರನ್ನಾದರೂ ಕೇಳಿ, ಝೆರಾಕ್ಸ್ ಮೀನಾಕ್ಷಿಯ ಕೈಗೆ ಬೇಕಾದರೆ ಸಿಗು, ಬಾಯಿಗೆ ಸಿಗಬೇಡ ಅನ್ನುತ್ತಾರೆ. ಅನ್ನಲಿ. ಹನ್ನೆರಡು ವರ್ಷದಿಂದ ಒಬ್ಬಳೇ ಅಂಗಡಿ ನಡೆಸುತ್ತಿದ್ದೇನೆ. ಬಾಯಿ ಇಲ್ಲದಿದ್ದರೆ ಈ ಊರಿನ ಮಂದಿ ನನ್ನ ಮಶೀನಿನ ಜೊತೆಗೆ ನನ್ನನ್ನೂ ಹೊತ್ತುಕೊಂಡು ಹೋಗುತ್ತಿದ್ದರು. ಝೆರಾಕ್ಸು, ಆಧಾರ್ ತಿದ್ದುಪಡಿ, ಪಹಣಿ, ಪರೀಕ್ಷೆಯ ಫೀ, ನೌಕರಿಯ ಅರ್ಜಿ, ಎಲ್ಲ ನನ್ನಲ್ಲಿ ಆಗುತ್ತದೆ. ಈ ತಾಲೂಕಿನ ಅರ್ಧ ಹುಡುಗರ ಮಾರ್ಕ್ಸ್ ಕಾರ್ಡು ನನ್ನ ಕಂಪ್ಯೂಟರಿನಲ್ಲಿ ಬಿದ್ದಿವೆ.

ಅಜೀಮನದೂ ಇದೆ. ಬಿ.ಕಾಂ., ಎಪ್ಪತ್ತೊಂದು ಪರ್ಸೆಂಟು. ಅಳಿಸಬೇಕೆಂದು ಎಷ್ಟೋ ಸಲ ಆ ಫೋಲ್ಡರಿನ ಮೇಲೆ ಬೆರಳಿಟ್ಟಿದ್ದೇನೆ, ಅಳಿಸಲು ಆಗಿಲ್ಲ.

ಅವನ ಅಪ್ಪ ಇಸ್ಮಾಯಿಲಸಾಬ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಹಮಾಲ. ಅಮ್ಮ ಬಿಸ್ಮಿಲ್ಲಾಬಿ ಅದೇ ಮೆಣಸಿನಕಾಯಿಯ ತೊಟ್ಟು ಬಿಡಿಸುವವಳು. ಮೂವತ್ತು ವರ್ಷ ಚೀಲ ಹೊತ್ತು ಇಸ್ಮಾಯಿಲಸಾಬನ ಕುತ್ತಿಗೆ ಒಂದು ಕಡೆಗೆ ವಾಲಿಬಿಟ್ಟಿತ್ತು. ನೇರವಾಗಿ ನೋಡಬೇಕೆಂದರೆ ಇಡೀ ಮೈ ತಿರುಗಿಸಬೇಕು. ಡಾಕ್ಟರು ಚೀಲ ಬಿಡು ಅಂದು ಎರಡು ವರ್ಷವಾಗಿತ್ತು. ನಮ್ಮ ಮಾರ್ಕೆಟ್ಟಿನಲ್ಲಿ ಒಂದು ಪದ್ಧತಿ ಇದೆ. ಹಮಾಲ ಚೀಲ ಬಿಟ್ಟರೆ ಅವನ ಬಿಲ್ಲೆ, ಗ್ಯಾಂಗಿನಲ್ಲಿ ಅವನ ಜಾಗ, ಮಗನಿಗೆ ಹೋಗುತ್ತದೆ. ಮಗ ಬರದಿದ್ದರೆ ಬೇರೆಯವರಿಗೆ ಕೊಡುತ್ತಾರೆ, ಮನೆಗೆ ಏನೂ ಉಳಿಯುವುದಿಲ್ಲ. ಗ್ಯಾಂಗಿನ ಮುಖ್ಯಸ್ಥ ಫಕ್ಕೀರೇಶ ಎರಡು ಸಲ ಮನೆಗೆ ಬಂದು ಕೇಳಿದ್ದ. ಇಸ್ಮಾಯಿಲಸಾಬ ಒಂದೇ ಮಾತು ಹೇಳಿದ್ದ.

"ನನ್ನ ಮಗಾ ಕುರ್ಚಿ ಮ್ಯಾಲ ಕುಂದ್ರು ದಿನಾ ನಾ ಚೀಲಾ ಇಳಸ್ತೇನಿ. ಅಲ್ಲೀತನಾ ನನ್ನ ಬಿಲ್ಲೆ ನನ್ನ ಹಂತ್ಯಾಕ ಇರ್ತೈತಿ."

ಹಾಗಾಗಿ ಅಜೀಮನಿಗೆ ನೌಕರಿ ಸಿಗುವ ದಿನವೇ ಅಪ್ಪನ ಕುತ್ತಿಗೆಗೆ ಬಿಡುಗಡೆ. ಇದು ಆ ಮನೆಯ ಮೂವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಂಟರ್‌ವ್ಯೂಗೆ ಹೋಗಿ ಬಂದ ಮಗನನ್ನು ಇಸ್ಮಾಯಿಲಸಾಬ ಏನಾಯಿತು ಅಂತ ಕೇಳುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ತಲೆಗೆ ವಸ್ತ್ರ ಸುತ್ತಿಕೊಂಡು ಹೋಗುತ್ತಿದ್ದ, ಅಷ್ಟೇ.

ಹುಡುಗ ಜಾಣ. ಆದರೆ ಬಾಯಿ? ಅಯ್ಯೋ ದೇವರೇ! ನನ್ನ ಬಾಯಿಯಲ್ಲಿ ಕಾಲು ಭಾಗ ಅವನಿಗೆ ಕೊಟ್ಟಿದ್ದರೆ ಇಬ್ಬರೂ ಉದ್ಧಾರ ಆಗುತ್ತಿದ್ದೆವು. ಹೆಸರು ಕೇಳಿದರೆ ಹೆಸರು ಹೇಳಲು ಅರ್ಧ ನಿಮಿಷ ಬೇಕು. ಅಷ್ಟರಲ್ಲಿ ಕೇಳಿದವನು ಮುಂದಿನ ಪ್ರಶ್ನೆಗೆ ಹೋಗಿರುತ್ತಿದ್ದ. ಇವನು ಎರಡನೆಯ ಪ್ರಶ್ನೆಗೆ ಮೊದಲನೆಯದರ ಉತ್ತರ ಕೊಡುತ್ತಿದ್ದ. ಬಾಯಿ ಇದ್ದವರು ಬರಗಾಲದಲ್ಲೂ ಬದುಕುತ್ತಾರೆ ಅಂತ ನಮ್ಮ ಕಡೆ ಗಾದೆ. ಬಾಯಿ ಇಲ್ಲದವರ ಗತಿ ಏನು ಅಂತ ಗಾದೆ ಕಟ್ಟಿದವರು ಹೇಳಿ ಹೋಗಲಿಲ್ಲ. ಇಲ್ಲಿಯ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಗೇಟ್ ಪಾಸ್ ಬರೆಯುವ ಕೆಲಸಕ್ಕೆ ಹೋಗಿದ್ದ. ಮಾಲೀಕರು ಕೇಳಿದ್ದು ಒಂದೇ ಪ್ರಶ್ನೆ, "ಯಾರ ಪೈಕಿ ನೀ?" ಇವನು ನಿಂತೇ ಇದ್ದ. ಪಕ್ಕದ ಹುಡುಗನ ಮಾವನ ಫೋನು ಅಷ್ಟರಲ್ಲಿ ಬಂತಂತೆ. ಕೆಲಸ ಆ ಹುಡುಗನಿಗಾಯಿತು.

ಹಾವೇರಿಯ ಒಂದು ಫೈನಾನ್ಸ್ ಕಚೇರಿಯ ಅರ್ಜಿ ತುಂಬುವಾಗ ಮೊದಲ ಸಲ ಆ ಕಾಲಮ್ಮು ಬಂತು. ರೆಫರೆನ್ಸ್. ನಿಮ್ಮನ್ನು ಬಲ್ಲ ಒಬ್ಬ ಗಣ್ಯರ ಹೆಸರು, ಫೋನ್ ನಂಬರು.

"ಯಾರದು ಹಾಕ್ಲಿ?" ಅಂದೆ.

ಅವನು ಆ ಸಾಲನ್ನೇ ಮತ್ತೊಮ್ಮೆ ಓದಿದ.

"ಲೇ ಅಜೀಮ, ಹಿಂದ ಮಂದಿ ನಿಂತಾರ. ಯಾರರೆ ಗುರುತಿನವರು ಇದ್ರ ಹೇಳೋ. ಮಾಸ್ತರು? ಮೆಂಬರು? ಸಾವ್ಕಾರು?"

"ಶೇಖಪ್ಪ ಸಾವ್ಕಾರ್ರು," ಅಂದ. ಅಪ್ಪನ ಫೋನಿನಲ್ಲಿದ್ದ ನಂಬರು ತೋರಿಸಿದ. ನಾನು ಟೈಪ್ ಮಾಡಿದೆ.

ಶೇಖಪ್ಪನವರ ದಲಾಲಿ ಅಂಗಡಿಯಲ್ಲೇ ಇಸ್ಮಾಯಿಲಸಾಬ ಇಷ್ಟು ವರ್ಷ ಚೀಲ ಹೊತ್ತದ್ದು. ಮೆಣಸಿನಕಾಯಿ ವ್ಯಾಪಾರ ಮಾಡಿದರೂ ಅದರ ಘಾಟಿಗೆ ದಿನವಿಡೀ ಸೀನುತ್ತಿದ್ದ ಮನುಷ್ಯ, ಮಾರ್ಕೆಟ್ಟೆಲ್ಲ ನಗುತ್ತಿತ್ತು. ಪಿ.ಯು.ಸಿ. ಪಾಸಾದಾಗ ಅಜೀಮನನ್ನು ಕರೆದು ಕೈಗೆ ಒಂದು ಪೇಡೆ ಇಟ್ಟು, "ಮುಂದ ಯಾರರೆ ಕೇಳಿದ್ರ ನನ್ನ ಹೆಸರ ಹೇಳಪಾ" ಅಂದಿದ್ದರಂತೆ. ಹುಡುಗ ಆ ಮಾತನ್ನು ಆಧಾರ್ ಕಾರ್ಡಿನ ಹಾಗೆ ಜೋಪಾನ ಮಾಡಿದ್ದ.

ಆಮೇಲೆ ಅರ್ಜಿ ತುಂಬಿದಾಗಲೆಲ್ಲ ಅದೇ ಹೆಸರು. ನಾನು ಕೇಳುತ್ತಲೂ ಇರಲಿಲ್ಲ, ಹಿಂದಿನ ಅರ್ಜಿಯಿಂದ ಎತ್ತಿ ಇಲ್ಲಿ ಹಾಕುತ್ತಿದ್ದೆ. ಏಳು ಅರ್ಜಿ ಆದವು. ಒಂದು ದಿನ ಹಾವೇರಿಯ ಕಚೇರಿಯವರು ಕರೆದರು. ಹೋದ. ಸಂಜೆ ಬಂದು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತ. ಇಪ್ಪತ್ತು ನಿಮಿಷ ಗೋಗರೆದ ಮೇಲೆ ಬಾಯಿ ಬಿಟ್ಟ.

ಅಲ್ಲಿಯ ಸಾಹೇಬರು ಇವನೆದುರಿಗೇ ಆ ನಂಬರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರಂತೆ. ಒಬ್ಬ ಹೆಣ್ಣುಮಗಳು ಎತ್ತಿದಳು. "ಅವರು ತೀರಿಕೊಂಡು ಎರಡ ವರ್ಷ ಆತಲ್ರಿ," ಅಂದಳು. ಸಾಹೇಬರು ಫೈಲು ಮುಚ್ಚಿ ಇವನ ಕಡೆ ತಳ್ಳಿದರು.

ನನಗೆ ಈ ಸುದ್ದಿಯೇ ಗೊತ್ತಿರಲಿಲ್ಲ. ಕೊರೋನಾದ ಎರಡನೇ ಅಲೆಯ ಹೊತ್ತಿಗೆ ನಾನು ತವರು ಗುತ್ತಲದಲ್ಲಿದ್ದೆ. ಯಾರು ಉಳಿದರು, ಯಾರು ಹೋದರು ಅನ್ನುವುದು ಆಗ ಊರಿಗೇ ತಿಳಿಯುತ್ತಿರಲಿಲ್ಲ. ಅವರ ಅಂಗಡಿ ಬಂದ್ ಆದದ್ದು ನೋಡಿ ವ್ಯಾಪಾರ ಬಿಟ್ಟರು ಅಂದುಕೊಂಡಿದ್ದೆ.

"ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ."

"ಗೊತ್ತಿದ್ದೂ ಸತ್ತವರ ಹೆಸರ ಬರಿಸಿದೆಲ್ಲೋ! ತಲಿ ನೆಟ್ಟಗ ಐತಿಲ್ಲ ನಿಂದು? ನನ್ನ ಮಾನಾನೂ ಕಳದಿ!"

ಬೈದೆ, ಸಿಕ್ಕಾಪಟ್ಟೆ ಬೈದೆ. ಅವನು ಮೆಟ್ಟಿಲ ಕಲ್ಲನ್ನೇ ನೋಡುತ್ತಿದ್ದ. ಕೊನೆಗೆ, "ಅವರು ಮಾತ ಕೊಟ್ಟಿದ್ರಲ್ರಿ ಅಕ್ಕಾರ," ಅಂದ. "ಅವರು ಸತ್ರು. ಕೊಟ್ಟ ಮಾತೂ ಸಾಯ್ತೈತಿ ಅಂತ ನನಗ ಗೊತ್ತಿರ್ಲಿಲ್ಲರಿ."

ಮರುದಿನ ನಾನು ಶೇಖಪ್ಪನವರ ಮನೆಗೆ ಹೋದೆ. ಕ್ಷಮೆ ಕೇಳುವುದು ಬೇಡವೇ? ಸತ್ತ ಗಂಡನನ್ನು ಕೇಳಿಕೊಂಡು ಫೋನು ಬಂದರೆ ಆ ಹೆಂಗಸಿಗೆ ಹೇಗಾಗಿರಬೇಕು? ಅವರ ಹೆಂಡತಿ ಗದಿಗೆವ್ವ ಒಬ್ಬರೇ ಇದ್ದರು. ಮಗಳು ಶ್ವೇತಾ ಬೆಳಗಾವಿಯಲ್ಲಿ. ಪಡಸಾಲೆಯ ಗೋಡೆಗೆ ಶೇಖಪ್ಪನವರ ಫೋಟೋ, ಅದರ ಕೆಳಗೆ ಸ್ಟೂಲಿನ ಮೇಲೆ ಅವರದೇ ಹಳೆಯ ಫೋನು, ಚಾರ್ಜಿಗೆ ಹಾಕಿತ್ತು.

ನಾನು ವಿಷಯ ಹೇಳಿದೆ. ಗದಿಗೆವ್ವ ಸಿಟ್ಟಾಗಲಿಲ್ಲ.

"ಎರಡ ವರ್ಷ ಈ ಫೋನಿಗೆ ಯಾರೂ ಮಾಡಿದ್ದಿಲ್ಲ ಮೀನಾಕ್ಷಿ," ಅಂದರು. "ಶ್ವೇತಾ ಬಂದ್ ಮಾಡಸು ಅಂತಾಳ. ನನಗ ಮನಸ ಆಗವಲ್ದು. ನಿನ್ನೆ ಒಬ್ಬಾಂವ ಕೇಳಿದಾ, ಶೇಖಪ್ಪನವರು ಅದಾರೇನ್ರಿ ಅಂತ. ನಾ ಖರೇ ಹೇಳಿಬಿಟ್ಟೆ. ಇಟ್ಟ ಮ್ಯಾಲ ಭಾಳ ಕೆಟ್ಟನಿಸ್ತು. ಅದಾರ ಅಂದಿದ್ರ ಏನ ಗಂಟ ಹೋಗತಿತ್ತು?"

"ಇನ್ನ ಬರೂದಿಲ್ರಿ ಅಮ್ಮಾರ. ಹೆಸರ ತಗಸ್ತೀನಿ."

"ಬ್ಯಾಡ," ಅಂದರು, ನನ್ನ ಮೊಣಕೈ ಹಿಡಿದು. "ತಗೀಬ್ಯಾಡ. ಇಸ್ಮಾಯಿಲಸಾಬನ ಮಗಾ ನಮ್ಮನಿ ಮಗಾನ. ಬರದರ ಬರೀಲಿ. ನಾ ಹೇಳ್ತೇನಿ."

ನಾನು ಆಗಲೇ ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಯಾರಿಗೆ ಏನು ನಷ್ಟ ಅಂದುಕೊಂಡೆ. ಹುಡುಗನಿಗೆ ಕೆಲಸ ಸಿಗುತ್ತದೆ, ಮುದುಕಿಗೆ ಸಮಾಧಾನ ಆಗುತ್ತದೆ. ಊರ ಉಸಾಬರಿಯನ್ನೆಲ್ಲ ತಲೆಯ ಮೇಲೆ ಹೊತ್ತುಕೊಳ್ಳುವುದು ನನ್ನ ಹುಟ್ಟುಗುಣ.

ಮುಂದಿನ ಅರ್ಜಿ ರಾಣೇಬೆನ್ನೂರಿನ ಒಂದು ಬೀಜದ ಕಂಪನಿಯದು. ಗೋಡೌನಿನ ದಾಖಲೆ ನೋಡಿಕೊಳ್ಳುವ ಕೆಲಸ. ಅಲ್ಲಿಯ ಮ್ಯಾನೇಜರು ವಿಜಯಮಹಾಂತೇಶ ಬಾಗಲಕೋಟೆ ಕಡೆಯವರು, ಈ ಸೀಮೆಗೆ ಬಂದು ಆರು ತಿಂಗಳಾಗಿತ್ತು. ಇಂಟರ್‌ವ್ಯೂನಲ್ಲಿ ಅಜೀಮ ಎಂದಿನಂತೆ ಗಪ್ಪಾದ. ಅವರು ಫೋನ್ ಮಾಡಿದರು. ಗದಿಗೆವ್ವ ಎತ್ತಿದರು.

"ಯಜಮಾನ್ರು ಮಾರ್ಕೆಟ್ಟಿಗೆ ಹೋಗ್ಯಾರ್ರಿ. ಯಾರು, ಇಸ್ಮಾಯಿಲಸಾಬನ ಮಗಾನ? ನಮ್ಮ ಕಣ್ಣ ಮುಂದ ಬೆಳದ ಹುಡುಗರಿ. ಮಾತ ಕಡಿಮಿ. ಕಣ್ಣ ಮುಚ್ಚಿ ಕೀಲಿ ಕೊಡ್ರಿ ಅಂತ ಇವರು ಹೇಳತಿರ್ತಾರ."

ಕೆಲಸ ಆಯಿತು! ನಾಳೆಯಿಂದಲೇ ಬಾ ಅಂದರು. ಬಿಸ್ಮಿಲ್ಲಾಬಿ ನನ್ನ ಅಂಗಡಿಗೆ ಡಬ್ಬಿ ತುಂಬ ಶೀರಾ ತಂದಳು. ಇಸ್ಮಾಯಿಲಸಾಬ ಬಿಲ್ಲೆಯನ್ನು ಗೋಡೆಯ ಮೊಳೆಗೆ ನೇತುಹಾಕಿದ. ವಾಪಸು ಕೊಡಲು ಫಕ್ಕೀರೇಶನ ಹತ್ತಿರ ಆರು ತಿಂಗಳ ಗಡುವು ಕೇಳಿಕೊಂಡ. ಆ ಗುರುವಾರ ಸಂತೆಯ ಹೊತ್ತಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನ ಅಂಗಡಿಯ ಮುಂದೆ ಎರಡು ಸಲ ಹಾದುಹೋದ. ಮಗನಿಗೆ ಹೇಗೆ ಕೆಲಸ ಸಿಕ್ಕಿತೆಂದು ಅವನಿಗೆ ಗೊತ್ತಿರಲಿಲ್ಲ. ಮಾರ್ಕ್ಸ್ ನೋಡಿ ಕೊಟ್ಟರು ಅಂತ ನಾನೇ ಹೇಳಿದ್ದೆ.

ಅಲ್ಲಿಂದ ಶುರುವಾಯಿತು ನೋಡಿ. ಶೇಖಪ್ಪನವರು ಅಜೀಮನ ಬೆನ್ನು ಹತ್ತಿದರು.

ವಿಜಯಮಹಾಂತೇಶರಿಗೆ ತಮ್ಮ ಕಂಪನಿಯ ಮೆಣಸಿನಕಾಯಿ ಬೀಜದ ಬಗ್ಗೆ ಬ್ಯಾಡಗಿಯ ದೊಡ್ಡ ವ್ಯಾಪಾರಸ್ಥರೊಬ್ಬರ ಅಭಿಪ್ರಾಯ ಬೇಕಿತ್ತು. ಯಾವ ಕಾಯಿಗೆ ರೇಟು ಬರುತ್ತದೆ, ಯಾವುದನ್ನು ಖರೀದಿದಾರರು ಕೈಯಿಂದ ಮುಟ್ಟುವುದಿಲ್ಲ ಅನ್ನುವುದು ಅಂಥವರಿಗೇ ಗೊತ್ತು. ಹಾಗಾಗಿ ದಿನಾ ಬೆಳಿಗ್ಗೆ ಕೇಳುತ್ತಿದ್ದರು, "ಏನಪಾ, ನಿಮ್ಮ ಸಾವ್ಕಾರ್ರು ಆರಾಮ ಅದಾರ?"

"ಆರಾಮ ಅದಾರ್ರಿ."

"ಒಮ್ಮೆ ಭೆಟ್ಟಿ ಮಾಡ್ಸು."

"ಮೊಣಕಾಲ ನೋವ ಐತ್ರಿ ಅವರಿಗೆ. ಕಡಿಮಿ ಆಗ್ಲಿರಿ."

ಮರುವಾರ ಶೇಖಪ್ಪನವರು ಬೆಳಗಾವಿಗೆ ಮಗಳ ಮನೆಗೆ ಹೋದರು. ಅದರ ಮರುವಾರ ಕದರಮಂಡಲಗಿ ಹನುಮಪ್ಪನ ದರ್ಶನಕ್ಕೆ ಹೋದರು. ಒಂದು ವಾರ ಕಣ್ಣಿನ ಆಪರೇಷನ್ ಆಯಿತು. ಸಂಜೆ ಬಸ್ಸಿಳಿದು ಅಜೀಮ ನನ್ನ ಅಂಗಡಿಗೆ ಬಂದು ಇದನ್ನೆಲ್ಲ ಹೇಳುತ್ತಿದ್ದ. ಮೊದಮೊದಲು ಬೆವರುತ್ತ ಹೇಳಿದ. ಆಮೇಲೆ ಬೆವರು ನಿಂತಿತು. ಹೆಸರು ಹೇಳಲು ಅರ್ಧ ನಿಮಿಷ ತೆಗೆದುಕೊಳ್ಳುತ್ತಿದ್ದ ಹುಡುಗನ ಬಾಯಲ್ಲಿ ಪೂರ್ತಿ ಪೂರ್ತಿ ಮಾತುಗಳು ಬರತೊಡಗಿದವು, ಎಲ್ಲ ಸತ್ತವರ ಬಗ್ಗೆ.

"ಇವತ್ತ ಸಾವ್ಕಾರ್ರು ಉಪ್ಪಿಟ್ಟ ಬ್ಯಾಡ ಅಂದ್ರಂತ್ರಿ, ಅವಲಕ್ಕಿ ಮಾಡಂದ್ರಂತ," ಅಂದ ಒಂದು ದಿನ.

"ಇದನ್ನ ಮ್ಯಾನೇಜರ್‌ಗೆ ಹೇಳಿದೇನು?"

"ಇಲ್ರಿ. ಅಮ್ಮಾರು ನನಗ ಹೇಳಿದ್ರು."

ಆ ಸಂಜೆಯೇ ಗದಿಗೆವ್ವನ ಮನೆಗೆ ಓಡಿದೆ. ಅಂಗಳದಲ್ಲಿ ಶೇಖಪ್ಪನವರ ಕುರ್ಚಿ ಬಿಸಿಲಿಗೆ ಇಟ್ಟಿದ್ದರು. ಹಗ್ಗದ ಮೇಲೆ ಬಿಳಿ ಅಂಗಿ, ಬಿಳಿ ಧೋತರ, ಒಗೆದು ನೀಲಿ ಹಾಕಿ ಒಣಗಿಸಿದ್ದು.

"ಇದೇನ್ರಿ ಅಮ್ಮಾರ?"

"ಆ ರಾಣೇಬೆನ್ನೂರ ಸಾಹೇಬ ಮತ್ತ ಫೋನ್ ಮಾಡಿದ್ದ," ಅಂದರು, ಹುರುಪಿನಿಂದ. "ಸಾವ್ಕಾರ್ರ ಕಣ್ಣ ಹ್ಯಾಂಗ ಅದಾವ ಅಂತ ಕೇಳಿದಾ. ಚಲೋ ಮನಶ್ಯಾ. ಇವರು ಇದ್ದಾಗ ಸುದ್ದಾ ಇಷ್ಟ ಯಾರೂ ಕೇಳತಿದ್ದಿಲ್ಲ ನೋಡು. ಹುಚ್ಚಿ ಅಂದ್ಕೋಬ್ಯಾಡ ಯವ್ವಾ, ಸತ್ತಾರಂತ ನನಗ ಗೊತ್ತೈತಿ. ಫೋನ್ ಬಂದಾಗ ಅಷ್ಟ, ಹಿತ್ತಲದಾಗ ಅದಾರ ಅನಸ್ತೈತಿ."

ಹಿತ್ತಲ ಬಾಗಿಲು ತೆರೆದಿತ್ತು. ನಾನು ಆ ಕಡೆ ನೋಡಲಿಲ್ಲ.

ಅದಾದ ಸೋಮವಾರ ಮಾರ್ಕೆಟ್ಟಿನಲ್ಲಿ ಹಾದುಬರುವಾಗ ಶೇಖಪ್ಪನವರ ಬಂದ್ ಆದ ಅಂಗಡಿಯ ಮುಂದೆ ನನ್ನ ಚಪ್ಪಲಿಯ ಉಂಗುಷ್ಠದ ಪಟ್ಟಿ ಕಿತ್ತಿತು. ಬಗ್ಗಿ ಸರಿಮಾಡಿಕೊಳ್ಳುತ್ತಿದ್ದೆ. ಶೆಟರಿನ ಒಳಗಿನಿಂದ ಯಾರೋ ಸೀನಿದರು. ಒಂದು, ಎರಡು, ಮೂರು. ಮಾರ್ಕೆಟ್ಟಿನ ತುಂಬ ಮೆಣಸಿನಕಾಯಿ ರಾಶಿ, ಸೀನುವವರಿಗೆ ಏನು ಬರ? ಆಚೆ ಓಣಿಯಿಂದ ಕೇಳಿರಬೇಕು. ಹಾಗೆ ಅಂದುಕೊಂಡೇ ಚಪ್ಪಲಿ ಕೈಯಲ್ಲಿ ಹಿಡಿದು ಸ್ಟೇಷನ್ ರಸ್ತೆಯವರೆಗೆ ಬರಿಗಾಲಲ್ಲಿ ಬಂದೆ. ನಾನು, ಮೀನಾಕ್ಷಿ, ಹಗಲು ಹನ್ನೆರಡಕ್ಕೆ ಹೆದರಿದೆ.

ನಾಲ್ಕು ತಿಂಗಳು ಹೀಗೆ ನಡೆಯಿತು. ಇಸ್ಮಾಯಿಲಸಾಬನ ಕುತ್ತಿಗೆ ಸ್ವಲ್ಪ ಸ್ವಲ್ಪ ನೆಟ್ಟಗಾಗುತ್ತ ಬಂದಿತ್ತು. ಅಜೀಮನ ಕೆಲಸದಲ್ಲಿ ಒಂದೂ ತಪ್ಪಿರಲಿಲ್ಲ, ಅದನ್ನು ವಿಜಯಮಹಾಂತೇಶರೇ ಎಲ್ಲರೆದುರು ಹೇಳಿದ್ದರಂತೆ. ಇನ್ನೆರಡು ತಿಂಗಳಿಗೆ ಕಾಯಂ ಆಗುವುದಿತ್ತು. ಕಾಯಂ ಆದಮೇಲೆ ಬಿಲ್ಲೆ ಫಕ್ಕೀರೇಶನಿಗೆ ಕೊಟ್ಟುಬಿಡುವುದೆಂದು ಮನೆಯಲ್ಲಿ ಮಾತಾಗಿತ್ತು.

ಒಂದು ಶುಕ್ರವಾರ ಸಂಜೆ ಅಜೀಮ ಅಂಗಡಿಯೊಳಗೆ ಬಂದು, ಗಿರಾಕಿಗಳು ಇದ್ದದ್ದನ್ನೂ ನೋಡದೆ, "ಅಕ್ಕಾರ, ನಾ ಸಾವ್ಕಾರ್ರನ್ನ ಸಾಯಿಸಿಬಿಟ್ಟೆ," ಅಂದ.

ಗಿರಾಕಿಗಳನ್ನು ಹೊರಗೆ ಅಟ್ಟಿದೆ. ಆದದ್ದಿಷ್ಟು. ಮ್ಯಾನೇಜರು, "ರವಿವಾರ ಬ್ಯಾಡಗಿಗೆ ಬರಾಕತ್ತೇನಿ, ಸೀದಾ ಸಾವ್ಕಾರ್ರ ಮನಿಗೆ ಹೋಗೂಣು, ಹತ್ತ ನಿಮಿಷ ಸಾಕು" ಅಂದಿದ್ದಾರೆ. ಇವನಿಗೆ ಮೊಣಕಾಲೂ ನೆನಪಾಗಲಿಲ್ಲ, ಮಗಳ ಮನೆಯೂ ನೆನಪಾಗಲಿಲ್ಲ. "ತೀರಿಕೊಂಡ್ರು ಸರ್" ಅಂದುಬಿಟ್ಟ. ಯಾವಾಗ ಅಂದರು. "ನಿನ್ನೆ" ಅಂದ. ಅವರು ಕುರ್ಚಿಯಿಂದ ಎದ್ದು ನಿಂತು ಕೈಮುಗಿದರಂತೆ. ಇವನನ್ನು ಮನೆಗೆ ಕಳಿಸಿದರು. "ರವಿವಾರ ಮಾಲಿ ತಗೊಂಡ ಬರ್ತೇನಿ" ಅಂದರು.

"ಹೋಗಿ ಖರೇ ಹೇಳಿಬಿಡ್ಲೇನ್ರಿ?" ಅಂದ. ಅವನಿಗೆ ಆ ಹೊತ್ತಿಗೂ ಧೈರ್ಯವಿತ್ತು. ನಾನೇ ತಡೆದೆ.

"ಹುಚ್ಚನಂಗ ಮಾಡಬ್ಯಾಡ. ಕಾಯಂ ಆಗೂದು ಎರಡ ತಿಂಗಳ ಉಳದೈತಿ. ಮಾಲಿ ಹಾಕಿ ಹೋಗ್ತಾರ, ಮುಗೀತು. ಒಂದ ತಾಸಿನ ಆಟ."

ಆಟವಂತೆ! ಅಂದ ಬಾಯಿಗೆ ಹುಳ ಬೀಳಲಿ.

ರವಿವಾರ ಬೆಳಿಗ್ಗೆ ನಾನೇ ಹೋಗಿ ಗದಿಗೆವ್ವನ ಪಡಸಾಲೆ ಸಿದ್ಧ ಮಾಡಿದೆ. ಫೋಟೋದ ಕೆಳಗಡೆ ಅಚ್ಚಾಗಿದ್ದ ತಾರೀಖು ಕಾಣಬಾರದೆಂದು ಸೇವಂತಿಗೆಯ ದಪ್ಪ ಮಾಲೆ ತಂದು ಎರಡು ಸುತ್ತು ಇಳಿಬಿಟ್ಟೆ. ಊದಿನಕಡ್ಡಿ ಹಚ್ಚಿದೆ. ಗದಿಗೆವ್ವನಿಗೆ ಹೇಳಿದೆ, ನಿನ್ನೆ ಮೊನ್ನೆ ಹೋದ ಹಾಗೆ ಕೂತಿರಿ ಅಂತ. ಅವರು ನನ್ನನ್ನು ಒಂದು ಥರ ನೋಡಿದರು.

"ನನಗ ನಿನ್ನೆ ಮೊನ್ನೇನ ಯವ್ವಾ," ಅಂದರು.

ಹತ್ತು ಗಂಟೆಗೆ ಕಾರು ಬಂತು. ವಿಜಯಮಹಾಂತೇಶ, ಜೊತೆಗೆ ಕಂಪನಿಯ ಇಬ್ಬರು. ಕೈಯಲ್ಲಿ ಆಳೆತ್ತರದ ಸುಗಂಧರಾಜದ ಮಾಲೆ. ಚಪ್ಪಲಿ ಬಿಟ್ಟು ಒಳಗೆ ಬಂದು ಗದಿಗೆವ್ವನ ಪಾದ ಮುಟ್ಟಿ, "ಅವ್ವಾರ, ನಾ ಅವರನ್ನ ಒಮ್ಮೆನೂ ನೋಡ್ಲಿಲ್ಲ" ಅಂದರು. ಗದಿಗೆವ್ವ ಅತ್ತರು. ಎಂಥ ಅಳು! ಎರಡೂವರೆ ವರ್ಷ ಎದೆಯಲ್ಲಿ ಇಟ್ಟುಕೊಂಡ ಅಳು ಅದು. ಅವರ ಗಂಡನ ಹೆಸರಿನಲ್ಲಿ ಮನೆ ಬಾಗಿಲಿಗೆ ಒಬ್ಬ ಮನುಷ್ಯ ಮಾಲೆ ತಂದದ್ದು ಅದೇ ಮೊದಲು. ಹೋದಾಗ ಯಾರೂ ಬಂದಿರಲಿಲ್ಲ, ಬರುವಂತಿರಲಿಲ್ಲ. ಕಾರು, ಅಳು ಕೇಳಿ ಓಣಿಯ ಮಂದಿ ಬಾಗಿಲಲ್ಲಿ ನಿಂತರು. ಅವರ ನಡುವೆ ಇಸ್ಮಾಯಿಲಸಾಬನೂ ಇದ್ದ.

ವಿಜಯಮಹಾಂತೇಶ ಮಾಲೆ ಹಾಕಲು ಹೋದರು. ಅವರದು ದೊಡ್ಡದು, ನನ್ನದರ ಮೇಲೆ ಕೂರಲಿಲ್ಲ. ನನ್ನ ಮಾಲೆಯನ್ನು ಮೆಲ್ಲಗೆ ತೆಗೆದು ಸ್ಟೂಲಿನ ಮೇಲಿಟ್ಟು, ತಮ್ಮದನ್ನು ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು.

ಲಿಂಗೈಕ್ಯ: 14-05-2021.

ಅವರು ಎರಡು ಸಲ ಓದಿದರು. ಮಾಲೆಯನ್ನು ಹಾಕಿದರು. ಹಾಕಲಿಲ್ಲ ಅಂತ ನಾನು ಸುಳ್ಳು ಹೇಳಲಾರೆ. ಕೈಮುಗಿದು, ಆಮೇಲೆ ಅಜೀಮನ ಕಡೆ ತಿರುಗಿದರು.

"ಯಾವಾಗ ತೀರಿಕೊಂಡ್ರು? ನೀನ ಹೇಳು."

ಹುಡುಗ ಈಗ ಗಪ್ಪಾಗುತ್ತಾನೆ ಅಂದುಕೊಂಡೆ. ಆಗಲಿಲ್ಲ.

"ರಂಜಾನ್ ಹಬ್ಬದ ದಿನಾ ಸರ್. ಆ ವರ್ಷ ಕೊರೋನಾ. ಅಪ್ಪ ಮನ್ಯಾಗ ನಮಾಜ್ ಮಾಡಿ ಎದ್ದಿದ್ರು, ದವಾಖಾನಿಂದ ಅಮ್ಮಾರು ಫೋನ್ ಮಾಡಿದ್ರು, ಎತ್ತವರು ಯಾರೂ ಇಲ್ಲ ಅಂತ. ಅಪ್ಪ, ಗ್ಯಾಂಗಿನವರು ಮೂರ ಮಂದಿ ಹೋದ್ರು. ಹಬ್ಬದ ಶಿರಖುರ್ಮಾ ಪಾಯಸಾ ಹಂಗ ಉಳೀತು. ಪ್ಲಾಸ್ಟಿಕ್ಕಿನ್ಯಾಗ ಸುತ್ತಿದ್ರು ಸರ್. ಮುಖಾನೂ ಕಾಣ್ತಿದ್ದಿಲ್ಲ. ಅಪ್ಪನೇ ಹೊತ್ತ ಮಣ್ಣ ಮಾಡಿ ಬಂದ್ರು. ನಾ ದೂರ ನಿಂತ ನೋಡೇನಿ. ನನಗ ನೌಕರಿ ಬೇಕಿತ್ತು ಸರ್. ಎಲ್ಲಾರೂ ಯಾರ ಪೈಕಿ ಅಂತ ಕೇಳ್ತಿದ್ರು. ನನಗ ಅವರೊಬ್ರ ಗೊತ್ತಿದ್ದವರು. ತಪ್ಪ ಮಾಡೇನಿ."

ಒಂದು ತಡವರಿಕೆ ಇಲ್ಲದೆ ಹೇಳಿದ. ಬಾಗಿಲಲ್ಲಿ ನಿಂತಿದ್ದ ಇಸ್ಮಾಯಿಲಸಾಬ ಇಡೀ ಮೈ ತಿರುಗಿಸಿ ಮಗನನ್ನು ನೋಡಿದ.

"ನಾ ಇಳಿಸಿ ಬಂದ ಹೆಣಾನ ನೀ ಮತ್ತ ಎತ್ತಿ ತಿರಿಗ್ಯಾಡಿದೇನೋ?" ಅಂದ. ಧ್ವನಿ ಏರಿಸಲಿಲ್ಲ.

ವಿಜಯಮಹಾಂತೇಶ ಮತ್ತೊಮ್ಮೆ ಫೋಟೋದ ಕಡೆ ನೋಡಿದರು. ಕೆಟ್ಟ ಮನುಷ್ಯ ಅಲ್ಲ ಅವರು. ಕೆಟ್ಟವರಾಗಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

"ಗೋಡೌನ್ ಕೀಲಿ ನಿನ್ನ ಕೈಯಾಗ ಕೊಟ್ಟೇನಿ ನಾ," ಅಂದರು. "ಮ್ಯಾಲಿನವರಿಗೆ ಏನ ಹೇಳ್ಲಿ? ಸತ್ತವರು ಬ್ಯಾಡ. ನಿನ್ನ ಬಗ್ಗೆ ಹೇಳವರು ಬದಕಿದ್ದವರು ಒಬ್ರೂ ಇಲ್ಲೇನು? ಒಬ್ರು ಮುಂದ ಬಂದು ಹೇಳ್ಲಿ. ಅವರ ಹೆಸರ ಬರಕೊಂಡ ಹೋಗ್ತೇನಿ."

"ನಾ ಅದೀನ್ರಿ ಸಾಹೇಬ್ರ," ಅಂದ ಇಸ್ಮಾಯಿಲಸಾಬ.

"ನೀವು ಅಪ್ಪ ಆಗಬೇಕಲ್ರಿ? ಅಪ್ಪನ ಮಾತ ನಡೆಂಗಿಲ್ರಿ."

ಗದಿಗೆವ್ವ ಬಾಯಿ ತೆರೆದರು. ಮ್ಯಾನೇಜರು ಕೈ ಮಾಡಿ ತಡೆದರು. "ಅವ್ವಾರ, ನೀವು ಹೇಳಿದ್ದ ಕೇಳೇ ಇಲ್ಲೀತನಾ ಬಂದೇನಿ."

ಆಗ ಅಜೀಮ ನನ್ನ ಕಡೆ ನೋಡಿದ. ಬರಿ ನೋಡಿದ. ಕೇಳಲೂ ಇಲ್ಲ.

ನಾನು ಊದಿನಕಡ್ಡಿಯ ಪಕ್ಕ ನಿಂತಿದ್ದೆ. ಹುಡುಗನನ್ನು ಎರಡು ವರ್ಷ ದಿನಾ ನೋಡಿದವಳು. ಅವನ ಮಾರ್ಕ್ಸು, ಅವನ ಬೆವರು, ಅವನ ಮೌನ, ಎಲ್ಲ ಬಲ್ಲವಳು. ಹನ್ನೆರಡು ವರ್ಷದ ಅಂಗಡಿ, ಬೋರ್ಡು, ಫೋನ್ ನಂಬರು, ಊರಿಗೆಲ್ಲ ಗೊತ್ತಿರುವ ಹೆಸರು. ಆ ಕಾಲಮ್ಮಿನಲ್ಲಿ ನನ್ನ ಹೆಸರು ಯಾವತ್ತೂ ಬರೆಯಬಹುದಿತ್ತು. ಏಳೆಂಟು ಅರ್ಜಿ ತುಂಬಿದೆನಲ್ಲ, ಒಂದು ಸಲವೂ ಹೊಳೆಯಲಿಲ್ಲ! ಗಣ್ಯರು ಅಂತ ಇತ್ತು, ನಾನು ಗಣ್ಯಳು ಅಂತ ನನಗೇ ಅನ್ನಿಸಿರಲಿಲ್ಲವೋ, ಅಥವಾ ಹಮಾಲನ ಮಗನಿಗೆ ನನ್ನ ಹೆಸರು ಕೊಡುವುದು ಬೇಡವಾಗಿತ್ತೋ, ಈಗಲೂ ನನಗೆ ತಿಳಿಯದು. ಅವತ್ತು ಮಾತ್ರ ಹೊಳೆಯಿತು. ನಾ ಹೇಳ್ತೇನ್ರಿ ಸರ್, ಮೀನಾಕ್ಷಿ ಅಂತ ಬರ್ಕೊಳ್ರಿ ಅನ್ನುವ ಮಾತು ಗಂಟಲವರೆಗೆ ಬಂತು.

ಅದರ ಬೆನ್ನಿಗೇ ಇನ್ನೊಂದು ಬಂತು. ಆ ತಿಂಗಳಷ್ಟೇ ನನ್ನ ಅಂಗಡಿಗೆ ಸರ್ಕಾರಿ ಅರ್ಜಿ ತುಂಬುವ ಪರವಾನಗಿ ಸಿಕ್ಕಿತ್ತು. ಬಾಯಿ ತೆರೆದರೆ ಮುಂದಿನ ಪ್ರಶ್ನೆ, ಈ ಅರ್ಜಿ ತುಂಬಿದವರು ಯಾರು? ಸತ್ತವರ ಹೆಸರು ಗೊತ್ತಿದ್ದೂ ಹಾಕಿದವರು ಯಾರು? ಈ ಮಾಲೆ ಇಲ್ಲಿ ಇಳಿಬಿಟ್ಟವರು ಯಾರು?

ನಾನು ನೆಲ ನೋಡಿದೆ. ಗದಿಗೆವ್ವನ ಪಡಸಾಲೆಯ ಫರಸಿಯಲ್ಲಿ ಒಂದು ಕಲ್ಲು ಒಡೆದಿದೆ. ಅದನ್ನೇ ನೋಡುತ್ತ ನಿಂತೆ.

ಎಷ್ಟು ಹೊತ್ತಾಯಿತೋ, ಕಾರಿನ ಬಾಗಿಲು ಹಾಕಿದ ಸದ್ದು ಕೇಳಿತು. ತಲೆ ಎತ್ತಿದಾಗ ಅಜೀಮ ಸ್ಟೂಲಿನ ಮೇಲಿದ್ದ ನನ್ನ ಮಾಲೆಯನ್ನು ಎತ್ತಿ ನನ್ನ ಕೈಗೆ ಕೊಟ್ಟ. "ನಿಮ್ಮದ್ರಿ ಅಕ್ಕಾರ," ಅಂದು ಅಪ್ಪನ ಹಿಂದೆ ಹೋದ.

ಮರುದಿನ ಸೋಮವಾರ, ಸಂತೆ. ನಡೆದದ್ದನ್ನು ಬಿಸ್ಮಿಲ್ಲಾಬಿ ಆಮೇಲೆ ಹೇಳಿದಳು. ಇಸ್ಮಾಯಿಲಸಾಬ ಎದ್ದು ಮೊಳೆಯಲ್ಲಿದ್ದ ಬಿಲ್ಲೆಗೆ ಕೈ ಹಾಕಿದನಂತೆ. ಮೊಳೆ ಬರಿದಾಗಿತ್ತು. ಮಗ ಹೊರಗೆ ಅಪ್ಪನ ವಸ್ತ್ರವನ್ನೇ ತಲೆಗೆ ಸುತ್ತಿಕೊಂಡು ನಿಂತಿದ್ದ, ಬಿಲ್ಲೆ ಅಂಗಿಗೆ ಹಾಕಿಕೊಂಡಿದ್ದ. ಅಪ್ಪ ಕೈ ಎತ್ತಿದ, ಹೊಡೆಯಲಿಕ್ಕೆ. ಎತ್ತಿದ ಕೈಯನ್ನು ಇಳಿಸಿ ಮಂಚದ ಮೇಲೆ ಕೂತ. ಅವತ್ತಿನ ಮೇಲೂ ಇಸ್ಮಾಯಿಲಸಾಬ ಒಂದು ಚೀಲವನ್ನೂ ಹೊತ್ತಿಲ್ಲ.

ನಾನು ಎರಡು ಸಲ ಅರ್ಜಿ ಹಿಡಿದು ಅವರ ಮನೆಗೆ ಹೋದೆ, ರೆಫರೆನ್ಸಿನಲ್ಲಿ ನನ್ನ ಹೆಸರು ಮೊದಲೇ ತುಂಬಿಕೊಂಡು. ಎರಡು ಸಲವೂ ಅಜೀಮ ಎದ್ದು ಕುರ್ಚಿ ಹಾಕಿಕೊಟ್ಟ, ಚಹಾ ಮಾಡಿಸಿದ, ಅರ್ಜಿಯನ್ನು ಮಡಿಸಿ ನನ್ನ ಬ್ಯಾಗಿಗೇ ಇಟ್ಟ. ಈಗ ಯಾವ ಹುಡುಗ ಬಂದರೂ ಆ ಕಾಲಮ್ಮಿನಲ್ಲಿ ನನ್ನ ನಂಬರು ಹಾಕುತ್ತೇನೆ, ಕೇಳುವುದೇ ಇಲ್ಲ. ಹುಬ್ಬಳ್ಳಿ, ದಾವಣಗೆರೆಯಿಂದ ಫೋನು ಬರುತ್ತವೆ. ಹುಡುಗ ಹೇಗೆ ಅನ್ನುತ್ತಾರೆ. ಬಂಗಾರದಂಥವ ಅನ್ನುತ್ತೇನೆ, ಮುಖ ಸರಿಯಾಗಿ ನೆನಪಿಲ್ಲದವರಿಗೂ ಅನ್ನುತ್ತೇನೆ. ಅದರಿಂದ ನನ್ನ ಎದೆ ಹಗುರಾಗಿಲ್ಲ.

ಸೋಮವಾರ, ಗುರುವಾರ ಅವನ ಗ್ಯಾಂಗು ನನ್ನ ಅಂಗಡಿಯ ಮುಂದೆಯೇ ಹಾದುಹೋಗುತ್ತದೆ. ಏಳೆಂಟು ಜನ, ನಗು, ಕೇಕೆ. ಎಲ್ಲರಿಗಿಂತ ದೊಡ್ಡ ಧ್ವನಿ ಈಗ ಅವನದೇ. ರಸ್ತೆಯ ಆಚೆಯಿಂದಲೇ ಕೂಗುತ್ತಾನೆ.

"ಅಕ್ಕಾರ, ಆರಾಮ ಅದೀರಿಲ್ರಿ? ಚಾ ಆತೇನ್ರಿ?"

ಒಂದು ದಿನವೂ ತಪ್ಪಿಸಿಲ್ಲ. ವ್ಯಂಗ್ಯವೇನಾದರೂ ಇದೆಯಾ ಅಂತ ಕಿವಿ ಕೊಟ್ಟು ಕೇಳಿದ್ದೇನೆ, ಇಲ್ಲ. ನಿಜವಾಗಿಯೇ ಕೇಳುತ್ತಾನೆ. ನಾನು ಮಶೀನಿಗೆ ಕಾಗದ ಹಾಕುವ ನೆಪದಲ್ಲಿ ಬಗ್ಗುತ್ತೇನೆ, ಅವರು ದಾಟಿ ಹೋಗುವವರೆಗೆ ಏಳುವುದಿಲ್ಲ.